ಕೊಟ್ಟ ಆಸ್ತಿ, ಉಳಿದ ಋಣ: ದತ್ತಾಪಹಾರದ ಭಯ ಮತ್ತು ಹಿರಿಯ ನಾಗರಿಕರ ಕಾನೂನು

ಒಮ್ಮೆ ಕೊಟ್ಟದ್ದನ್ನು ಕೊಟ್ಟವನೇ ಮರಳಿ ಪಡೆಯಬಹುದೇ ಎಂಬುದು ಭಾರತೀಯ ಧರ್ಮಚಿಂತನೆಯ ಬಹು ಹಳೆಯ ಪ್ರಶ್ನೆಗಳಲ್ಲಿ ಒಂದು. ಸಂಸತ್ತು 2007ರಲ್ಲಿ ಅಂಗೀಕರಿಸಿದ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು ಈ ಪ್ರಶ್ನೆಗೆ ಒಂದು ಸ್ಪಷ್ಟ ಸಂದರ್ಭದಲ್ಲಿ ‘ಹೌದು’ ಎಂಬ ಉತ್ತರ ನೀಡಿದೆ: ಅರವತ್ತು ವರ್ಷ ತುಂಬಿದ ವ್ಯಕ್ತಿಯು ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮಕ್ಕಳಿಗೋ ಬಂಧುಗಳಿಗೋ ಆಸ್ತಿಯನ್ನು ಬರೆದುಕೊಟ್ಟಿದ್ದು, ಪಡೆದವರು ಆ ಷರತ್ತನ್ನು ಪಾಲಿಸದೆ ಹೋದರೆ, ಆ ಬರಹವನ್ನು ರದ್ದುಪಡಿಸಿಕೊಳ್ಳುವ ಹಕ್ಕು ಅವನಿಗೆ ಉಂಟು. ಆದರೂ ಅನ್ನ-ಔಷಧಿಗೆ ಕೈಚಾಚುವ ಸ್ಥಿತಿಗೆ ಬಂದ ಅನೇಕ ಹಿರಿಯರು ಈ ಹಕ್ಕನ್ನು ಬಳಸಲು ಹಿಂಜರಿಯುತ್ತಾರೆ. ಮನೆತನದ ಮರ್ಯಾದೆಯ ಚಿಂತೆ, ಕಾಯಿದೆಯ ಅರಿವಿನ ಕೊರತೆ, ಕಚೇರಿಗೆ ಅಲೆಯಲಾಗದ ದೇಹಸ್ಥಿತಿ ಇವೆಲ್ಲ ಇದಕ್ಕೆ ಕಾರಣಗಳೇ ಆಗಿದ್ದರೂ, ಇವುಗಳ ಹಿಂದೆ ಇನ್ನೂ ಆಳವಾದ ಒಂದು ನಂಬಿಕೆ ಕೆಲಸ ಮಾಡುತ್ತದೆ: ಕೊಟ್ಟದ್ದನ್ನು ತಿರುಗಿ ಕೇಳುವುದು ಪಾಪ ಎಂಬ ನಂಬಿಕೆ. ಶಾಸ್ತ್ರಗಳಲ್ಲಿ ‘ದತ್ತಾಪಹಾರ’ ಎಂದು ಕರೆಯಲಾಗುವ ಈ ಪಾಪ, ಅಂದರೆ ದತ್ತವಾದುದನ್ನು ಅಪಹರಿಸುವ ದೋಷ, ತಂದೆತಾಯಿ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಗೆ ನಿಜವಾಗಿಯೂ ಅನ್ವಯಿಸುತ್ತದೆಯೇ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಈ ಪರಿಶೀಲನೆಗೆ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಎರಡು ಕಾರಣಗಳಿಂದ ತಕ್ಕ ನೆಲೆಯಾಗಿದೆ. ಮೊದಲನೆಯದಾಗಿ, ಹತ್ತನೆಯ ಶತಮಾನದ ಮಹಾಕವಿ ರನ್ನನ ಹೆಸರನ್ನು ಹೊತ್ತ ಈ ಊರು ಕನ್ನಡದ ದಾನಪರಂಪರೆಯೊಂದಿಗೆ ನೇರವಾಗಿ ಬೆಸೆದುಕೊಂಡಿದೆ. ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ್ದು ದಾನಚಿಂತಾಮಣಿ ಎಂದೇ ಹೆಸರಾದ ಅತ್ತಿಮಬ್ಬೆಯ ಆಶ್ರಯದಲ್ಲಿ. ಎರಡನೆಯದಾಗಿ, ತಾನು ಹುಟ್ಟಿದ ನಾಡನ್ನು ಹೇಳುವಾಗ ರನ್ನನು ಹೆಸರಿಸುವ ಬೆಳುಗಲಿ, ಜಂಬುಖಂಡಿ, ಮುದುವೊಳಲು ಎಂಬ ಮೂರೂ ಸ್ಥಳಗಳು ಇಂದು ಬೆಳಗಲಿ, ಜಮಖಂಡಿ, ಮುಧೋಳಗಳಾಗಿ ಒಂದೇ ಕಂದಾಯ ಉಪವಿಭಾಗದಲ್ಲಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ಒಳಗೊಂಡ ಆ ಉಪವಿಭಾಗದ ಅಧಿಕಾರಿಯೇ 2007ರ ಕಾಯಿದೆಯ ಪ್ರಕಾರ ಹಿರಿಯರ ದೂರುಗಳನ್ನು ಆಲಿಸುವ ನ್ಯಾಯಮಂಡಳಿಯ ಅಧ್ಯಕ್ಷ. ಹಳೆಯ ಮುಂಬಯಿ ಪ್ರಾಂತದ ರೂಢಿಯಿಂದ ಹಿರಿಯರು ‘ಪ್ರಾಂತ ಸಾಹೇಬರು’ ಎನ್ನುತ್ತಿದ್ದ ಈ ಅಧಿಕಾರಿಯ ಮುಂದೆಯೇ ಬೆಳಗಲಿಯ ವೃದ್ಧ ರೈತನೊಬ್ಬ ತನ್ನ ಹೊಲವನ್ನು ಮರಳಿ ಕೊಡಿಸಿರೆಂದು ಕೇಳಬೇಕಾಗುತ್ತದೆ.

ದತ್ತಾಪಹಾರದ ಭಯ ಕನ್ನಡ ನಾಡಿನಲ್ಲಿ ಇಷ್ಟು ಆಳವಾಗಿ ಬೇರೂರಲು ಮುಖ್ಯ ಕಾರಣ ದಾನಶಾಸನಗಳು. ಬಾದಾಮಿಯ ಚಾಲುಕ್ಯರಿಂದ ವಿಜಯನಗರದವರೆಗೆ ಭೂಮಿಯನ್ನು ದಾನವಿತ್ತ ಅಸಂಖ್ಯ ಶಾಸನಗಳು ಕೊನೆಯಲ್ಲಿ ಒಂದು ಶಾಪಾಶಯದೊಂದಿಗೆ ಮುಗಿಯುತ್ತವೆ. ತಾನೇ ಕೊಟ್ಟ ಭೂಮಿಯಾಗಲಿ, ಇತರರು ಕೊಟ್ಟ ಭೂಮಿಯಾಗಲಿ, ಅದನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬುದು ಅದರ ಸಾರ. ಆದರೆ ಈ ಶಾಪ ಯಾರನ್ನು ಕುರಿತದ್ದು ಎಂಬುದನ್ನು ಗಮನಿಸಬೇಕು. ದಾನ ಪಡೆದದ್ದು ದೇವಾಲಯ, ಬಸದಿ, ಮಠ, ಅಗ್ರಹಾರ, ಕೆರೆ, ಅನ್ನಛತ್ರಗಳು. ಭಯವಿದ್ದದ್ದು ಮುಂದಿನ ಅರಸನೋ ಅಧಿಕಾರಿಯೋ ಧರ್ಮಕಾರ್ಯಕ್ಕೆ ಬಿಟ್ಟ ಭೂಮಿಯನ್ನು ಕಬಳಿಸಿಯಾನೆಂದು. ದೀಪ, ನೈವೇದ್ಯ, ಆಹಾರದಾನ, ವಿದ್ಯಾದಾನಗಳು ತಡೆಯಿಲ್ಲದೆ ನಡೆಯಲೆಂದೇ ಆ ಶಾಪವನ್ನು ಕಲ್ಲಿನಲ್ಲಿ ಕೊರೆಯಲಾಯಿತು. ಹೀಗೆ ಶಾಪಾಶಯದ ಉದ್ದೇಶ ದಾನದ ಗುರಿಯನ್ನು ಕಾಪಾಡುವುದಾಗಿತ್ತು. ಗುರಿಯನ್ನು ಕೆಡಿಸಿದವನ ಕೈಯಲ್ಲಿ ವಸ್ತುವನ್ನು ಶಾಶ್ವತವಾಗಿ ಉಳಿಸುವುದು ಅದರ ಉದ್ದೇಶವಾಗಿರಲಿಲ್ಲ. ಈ ತರ್ಕವನ್ನು ಮನೆಗೆ ಅನ್ವಯಿಸಿದರೆ, ತಾಯಿಯ ಅನ್ನಕ್ಕಾಗಿ ಬಿಟ್ಟ ಹೊಲವನ್ನು ಪಡೆದು ಆಕೆಗೆ ಅನ್ನ ಹಾಕದ ಮಗನೇ ಆ ಶಾಪದ ವ್ಯಾಪ್ತಿಗೆ ಬರುತ್ತಾನೆ, ಹೊಲವನ್ನು ಮರಳಿ ಕೇಳುವ ತಾಯಿ ಬರುವುದಿಲ್ಲ.

ಧರ್ಮಶಾಸ್ತ್ರದ ವ್ಯವಹಾರಭಾಗ, ಅಂದರೆ ಇಂದಿನ ನ್ಯಾಯಾಲಯದ ಕಾನೂನಿಗೆ ಸಮನಾದ ಭಾಗ, ಈ ವಿಷಯದಲ್ಲಿ ಶಾಸನಗಳಿಗಿಂತಲೂ ಖಚಿತವಾಗಿದೆ. ಪ್ರಾಚೀನ ಸ್ಮೃತಿಕಾರರು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದ್ದು, ಅವುಗಳಲ್ಲಿ ಒಂದರ ಹೆಸರು ‘ದತ್ತಾಪ್ರದಾನಿಕ’. ಕೊಟ್ಟದ್ದನ್ನು ಯಾವಾಗ ಹಿಂಪಡೆಯಬಹುದು, ಯಾವಾಗ ಹಿಂಪಡೆಯಲಾಗದು ಎಂಬುದೇ ಅದರ ವಿಷಯ. ಇಂಥ ಒಂದು ಪ್ರತ್ಯೇಕ ಅಧ್ಯಾಯವೇ ಇದೆಯೆಂಬ ಸಂಗತಿಯಿಂದಲೇ, ಕೊಟ್ಟದ್ದೆಲ್ಲವೂ ಎಂದೆಂದಿಗೂ ಕೊಟ್ಟದ್ದೇ ಎಂದು ಶಾಸ್ತ್ರ ಭಾವಿಸಿರಲಿಲ್ಲವೆಂದು ತಿಳಿಯುತ್ತದೆ. ನಾರದಸ್ಮೃತಿಯು ಕೊಟ್ಟದ್ದನ್ನು ‘ದತ್ತ’ ಮತ್ತು ‘ಅದತ್ತ’ ಎಂದು ಬೇರ್ಪಡಿಸುತ್ತದೆ. ಅದತ್ತವೆಂದರೆ ಕೈಯಿಂದ ಕೊಟ್ಟಿದ್ದರೂ ಕಾನೂನಿನ ದೃಷ್ಟಿಯಲ್ಲಿ ಕೊಡದಂತೆಯೇ ಇರುವ ದಾನ. ಭಯದಿಂದ, ಕೋಪದಿಂದ, ಶೋಕದಿಂದ, ರೋಗಪೀಡೆಯಿಂದ, ಮೋಸಕ್ಕೆ ಒಳಗಾಗಿ ಕೊಟ್ಟವುಗಳ ಜೊತೆಗೆ, ಇವನು ನನಗೆ ಇಂಥ ಕೆಲಸವನ್ನು ಮಾಡಿಕೊಡುವನೆಂಬ ಪ್ರತಿಲಾಭದ ನಿರೀಕ್ಷೆಯಿಂದ ಕೊಟ್ಟು ಆ ಕೆಲಸ ನಡೆಯದೆ ಹೋದುದನ್ನೂ ಅದು ಈ ಪಟ್ಟಿಯಲ್ಲಿ ಸೇರಿಸುತ್ತದೆ. ಯಾಜ್ಞವಲ್ಕ್ಯಸ್ಮೃತಿಯಾದರೋ ದಾನಕ್ಕೆ ಇನ್ನೊಂದು ಮಿತಿಯನ್ನು ಹಾಕುತ್ತದೆ: ತನ್ನ ಕುಟುಂಬದ ಪೋಷಣೆಗೆ ಧಕ್ಕೆಯಾಗದಂತೆ ಮಾತ್ರ ಕೊಡಬೇಕು. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ಭಾರತದ ಬಹುಭಾಗದ ಹಿಂದೂ ಆಸ್ತಿಕಾನೂನಿಗೆ ತಳಹದಿ ಹಾಕಿದ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕನ್ನಡ ನಾಡಿನಲ್ಲೇ ಇದ್ದವನು. 2007ರ ಕಾಯಿದೆ ಪರದೇಶದಿಂದ ಬಂದ ಹೊಸ ಕಲ್ಪನೆಯೆಂದು ಭಾವಿಸುವವರಿಗೆ ಈ ಪರಂಪರೆ ಸಾಕಷ್ಟು ಉತ್ತರವಾಗಿದೆ.

ಇಸ್ಲಾಂ ಧರ್ಮಶಾಸ್ತ್ರದಲ್ಲಿಯೂ ಇದೇ ಪ್ರಶ್ನೆ ಚರ್ಚೆಯಾಗಿದೆ. ಜೀವಂತವಾಗಿರುವಾಗ ಪ್ರತಿಫಲವಿಲ್ಲದೆ ಕೊಡುವ ದಾನಕ್ಕೆ ‘ಹಿಬಾ’ ಎಂದು ಹೆಸರು. ಕೊಟ್ಟದ್ದನ್ನು ಮರಳಿ ಪಡೆಯುವುದನ್ನು ಪ್ರವಾದಿವಚನಗಳು ಖಂಡಿಸಿದರೂ, ತಂದೆ ಮಗುವಿಗೆ ಕೊಟ್ಟದ್ದಕ್ಕೆ ವಿನಾಯಿತಿ ನೀಡುತ್ತವೆ. ಶಾಫಿ ಪಂಥ ಈ ವಿನಾಯಿತಿಯನ್ನು ಒಪ್ಪಿದರೆ, ಹನಫಿ ಪಂಥ ಹತ್ತಿರದ ರಕ್ತಸಂಬಂಧಿಗೆ ಕೊಟ್ಟು ಸ್ವಾಧೀನ ಬಿಟ್ಟುಕೊಟ್ಟ ಹಿಬಾವನ್ನು ಹಿಂಪಡೆಯಲಾಗದೆನ್ನುತ್ತದೆ. ಪಂಥಗಳ ಈ ಭೇದವೇನೇ ಇದ್ದರೂ, 2007ರ ಕಾಯಿದೆ ಧರ್ಮಭೇದವಿಲ್ಲದೆ ಎಲ್ಲ ನಾಗರಿಕರಿಗೂ ಅನ್ವಯಿಸುತ್ತದೆ ಮತ್ತು ಅದಕ್ಕೆ ವಿರುದ್ಧವಾದ ಇತರ ಕಾಯಿದೆಗಳ ಮೇಲೆ ಅದರದೇ ಮೇಲುಗೈಯೆಂದು 3ನೆಯ ಪ್ರಕರಣ ಹೇಳುತ್ತದೆ.

ಶಾಸ್ತ್ರದ ವ್ಯವಹಾರಭಾಗ ಹಿಂಪಡೆಯಲು ಅವಕಾಶ ಕೊಟ್ಟರೂ, ಅದರ ಅಧ್ಯಾತ್ಮಭಾಗ ಒಂದು ಗಂಭೀರ ಆಕ್ಷೇಪವನ್ನು ಮುಂದಿಡುತ್ತದೆ. ಮರಳಿ ಉಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂದಷ್ಟೇ ತಿಳಿದು ಕೊಡುವುದು ಸಾತ್ತ್ವಿಕ ದಾನ, ಪ್ರತ್ಯುಪಕಾರವನ್ನು ಬಯಸಿ ಕೊಡುವುದು ರಾಜಸ ದಾನ ಎಂದು ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ವಿಂಗಡಿಸುತ್ತದೆ. ಇದೇ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಮತ್ತು ಅವರ ಸಂಗಡದ ಶರಣರು ಇನ್ನೂ ಮುಂದೆ ಹೋಗಿ, ಕೊಡುವವನು ಮೇಲು, ಪಡೆಯುವವನು ಕೀಳು ಎಂಬ ಭಾವವಿರುವ ದಾನವನ್ನೇ ಬದಿಗಿರಿಸಿ, ಕೊಟ್ಟೆನೆಂಬ ಅಹಂಕಾರವಿಲ್ಲದೆ ಅರ್ಪಿಸುವ ‘ದಾಸೋಹ’ವನ್ನು ಎತ್ತಿಹಿಡಿದರು. ಈ ದೃಷ್ಟಿಯಿಂದ ನೋಡಿದರೆ, ನನ್ನನ್ನು ಸಾಕಬೇಕೆಂದು ಷರತ್ತು ಬರೆಸಿ ಕೊಟ್ಟ ಹೊಲ ದಾನದ ಎತ್ತರವನ್ನು ಕಳೆದುಕೊಳ್ಳುವುದಿಲ್ಲವೇ, ಪ್ರೀತಿಯನ್ನು ಒಪ್ಪಂದಕ್ಕೆ ಇಳಿಸಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅನೇಕ ತಂದೆತಾಯಿಗಳು ಷರತ್ತು ಬರೆಸಲು ನಾಚುವುದು ಈ ಭಾವನೆಯಿಂದಲೇ ಆದುದರಿಂದ, ಇದನ್ನು ಹಗುರವಾಗಿ ತಳ್ಳಿಹಾಕಲಾಗದು.

ಈ ಆಕ್ಷೇಪಕ್ಕೆ ಉತ್ತರ ದಾನ ಮತ್ತು ಋಣಗಳ ನಡುವಣ ವ್ಯತ್ಯಾಸದಲ್ಲಿದೆ. ದಾನವು ಕೊಡಬೇಕಾದ ಹಂಗಿಲ್ಲದವನಿಗೆ ಕೊಡುವಂಥದ್ದು. ಋಣವು ಮೊದಲೇ ಇರುವ ಬಾಧ್ಯತೆ. ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂದು ವೈದಿಕ ಪರಂಪರೆ ಹೇಳುತ್ತದೆ. ಮಗ ಅಥವಾ ಮಗಳು ತಾಯಿಗೆ ಅನ್ನ ಹಾಕುವುದು ಆಕೆ ಕೊಟ್ಟ ಹೊಲಕ್ಕೆ ಸಲ್ಲಿಸುವ ಬೆಲೆಯಲ್ಲ. ಹೊಲ ಕೊಡದಿದ್ದರೂ ಆ ಬಾಧ್ಯತೆ ಇದ್ದೇ ಇರುತ್ತಿತ್ತು. ಆದ್ದರಿಂದ ದಾನಪತ್ರದಲ್ಲಿ ಪೋಷಣೆಯ ಷರತ್ತನ್ನು ಬರೆಸಿದಾಗ ಹೊಸ ಪ್ರತಿಫಲವೇನನ್ನೂ ಬೇಡಿದಂತಾಗುವುದಿಲ್ಲ, ಮೊದಲೇ ಇದ್ದ ಋಣವನ್ನು ದಾಖಲೆಗೆ ತಂದಂತಾಗುತ್ತದೆ ಅಷ್ಟೆ. ಇದಲ್ಲದೆ, ತನ್ನ ಕೊನೆಗಾಲದ ಅನ್ನವನ್ನೂ ಸೂರನ್ನೂ ಬಿಟ್ಟುಕೊಡುವ ವೃದ್ಧೆ ಮಿಕ್ಕದ್ದನ್ನು ದಾನ ಮಾಡುತ್ತಿರುವ ಶ್ರೀಮಂತಳಲ್ಲ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು ನಿಜವಾದ ದಾನಗಳು, ಅವು ಸಂಪತ್ತಿನಿಂದ ಲೋಕಕ್ಕೆ ಹರಿದವು, ಅವುಗಳಿಂದ ಪ್ರತ್ಯುಪಕಾರದ ಪ್ರಶ್ನೆಯೇ ಏಳಲಿಲ್ಲ. ತನ್ನ ಎರಡೆಕರೆ ಕಬ್ಬಿನ ಹೊಲವನ್ನು ಮಗನ ಹೆಸರಿಗೆ ಮಾಡಿಸುವ ತಾಯಿಯಾದರೋ ತನ್ನ ಬದುಕಿನ ಹೊಣೆಯನ್ನೇ ಮಗನ ಕೈಯಲ್ಲಿ ಇಡುತ್ತಾಳೆ. ಇಂಥ ವರ್ಗಾವಣೆ ಹೆಸರಿನಲ್ಲಿ ದಾನವಾದರೂ ಸ್ವಭಾವದಲ್ಲಿ ನ್ಯಾಸ, ಅಂದರೆ ನಂಬಿ ಒಪ್ಪಿಸಿದ ಇಡುಗಂಟು; ಅದನ್ನು ಸಾತ್ತ್ವಿಕ ದಾನದ ಅಳತೆಗೋಲಿನಿಂದ ಅಳೆಯುವುದು ತಾಯಿಗೆ ಮಾಡುವ ಅನ್ಯಾಯವಾಗುತ್ತದೆ.

2007ರ ಕಾಯಿದೆಯ ರಚನೆಯಲ್ಲಿಯೂ ಋಣ ಮತ್ತು ನ್ಯಾಸಗಳೆಂಬ ಈ ಎರಡು ತತ್ತ್ವಗಳು ಪ್ರತ್ಯೇಕವಾಗಿ ಕಾಣುತ್ತವೆ. 4ನೆಯ ಪ್ರಕರಣದ ಪ್ರಕಾರ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಗಳನ್ನು ಪ್ರಾಪ್ತ ವಯಸ್ಸಿನ ಮಕ್ಕಳು ಸಾಕಲೇಬೇಕು. ಅವರಿಂದ ಆಸ್ತಿ ಬಂದಿದೆಯೇ ಇಲ್ಲವೇ ಎಂಬುದು ಇಲ್ಲಿ ಮುಖ್ಯವಲ್ಲ. ಇದು ಋಣದ ತತ್ತ್ವ. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ ಅದೇ ಪ್ರಕರಣ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ವಾರಸಿನಿಂದ ಪಡೆಯಲಿರುವ ಬಂಧುವಿನ ಮೇಲೆ ಪೋಷಣೆಯ ಹೊಣೆಯನ್ನು ಹೊರಿಸುತ್ತದೆ. ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ಆಸ್ತಿಯಲ್ಲಿ ತಮಗೆ ಬರುವ ಪಾಲಿಗೆ ಅನುಗುಣವಾಗಿ ಹೊಣೆಯನ್ನೂ ಹಂಚಿಕೊಳ್ಳಬೇಕು. ಅಣ್ಣನ ಮಗನಿಗೋ ತಂಗಿಯ ಮಗನಿಗೋ ಹೊಲ ಬರೆದುಕೊಟ್ಟು ಅವರ ಮನೆಯಲ್ಲಿ ಕೊನೆಗಾಲ ಕಳೆಯುವ ಮಕ್ಕಳಿಲ್ಲದ ಹಿರಿಯರಿಗೆ ಈ ನಿಯಮ ಬಹು ಮುಖ್ಯ. ಇಲ್ಲಿ ಬಾಧ್ಯತೆ ಆಸ್ತಿಯ ಬೆನ್ನು ಹತ್ತಿ ಬರುತ್ತದೆ, ಇದು ನ್ಯಾಸದ ತತ್ತ್ವ. ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎಂದು ಕಾಯಿದೆ ವಿವರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ‘ಪೋಟಗಿ’ ಎನ್ನಲಾಗುವ ಜೀವನಾಂಶಕ್ಕೆ ಅದು ತಿಂಗಳಿಗೆ 10,000 ರೂಪಾಯಿಗಳ ಗರಿಷ್ಠ ಮಿತಿಯನ್ನು ಹಾಕಿದೆ. ಈ ಮಿತಿಯನ್ನು ತೆಗೆದುಹಾಕಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಕಾನೂನಾಗಲಿಲ್ಲ.

ಆಸ್ತಿಯ ವರ್ಗಾವಣೆಯನ್ನು ಕುರಿತ 23ನೆಯ ಪ್ರಕರಣದಲ್ಲಿ ಮಾತ್ರ ಈ ಸ್ಪಷ್ಟತೆ ಸಡಿಲವಾಗುತ್ತದೆ. ಕಾಯಿದೆ ಜಾರಿಗೆ ಬಂದ ಮೇಲೆ, ಮೂಲ ಸೌಕರ್ಯಗಳನ್ನೂ ದೈಹಿಕ ಅಗತ್ಯಗಳನ್ನೂ ಪೂರೈಸಬೇಕೆಂಬ ಷರತ್ತಿಗೊಳಪಟ್ಟು, ದಾನದ ಮೂಲಕವೋ ಬೇರೆ ರೀತಿಯಲ್ಲೋ ಆದ ವರ್ಗಾವಣೆಯಲ್ಲಿ ಪಡೆದವರು ಆ ಷರತ್ತನ್ನು ಮುರಿದರೆ, ಅದು ವಂಚನೆ, ಬಲಾತ್ಕಾರ ಅಥವಾ ಅನುಚಿತ ಪ್ರಭಾವದಿಂದ ಆದುದೆಂದು ಭಾವಿಸಲ್ಪಡುತ್ತದೆ. ಷರತ್ತು ಇತ್ತೇ ಎಂಬುದೇ ಹೀಗೆ ವ್ಯಾಜ್ಯದ ತಿರುಳಾಗುತ್ತದೆ. ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರ್ 6ರ ತೀರ್ಪಿನಲ್ಲಿ, ಹಿರಿಯರು ಹತ್ತಿರದವರಿಗೆ ಏನನ್ನೂ ನಿರೀಕ್ಷಿಸದೆ ಪ್ರೀತಿಯಿಂದಲೂ ಕೊಡುವುದುಂಟು, ಆದ್ದರಿಂದ ಷರತ್ತು ಇತ್ತೆಂಬುದನ್ನು ಹಿರಿಯರೇ ಸಾಬೀತುಪಡಿಸಬೇಕು ಎಂದಿತು. 2025ರ ಜನವರಿ 2ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಮಧ್ಯಪ್ರದೇಶದ ತಾಯಿಯೊಬ್ಬರಿಂದ ದಾನ ಪಡೆದ ಮಗ ಆಕೆಯನ್ನು ಕೊನೆಯವರೆಗೆ ನೋಡಿಕೊಳ್ಳುವೆನೆಂದು ಪ್ರತ್ಯೇಕವಾಗಿ ಬರೆದುಕೊಟ್ಟಿದ್ದ ವಚನಪತ್ರವನ್ನೂ ಪರಿಗಣಿಸಿ ದಾನದ ರದ್ದತಿಯನ್ನು ಎತ್ತಿಹಿಡಿದು, ಕಾಯಿದೆಯನ್ನು ಹಿರಿಯರ ಹಿತ ಕಾಯುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಆಸ್ತಿಯ ಸ್ವಾಧೀನವನ್ನು ಮರಳಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆಯೆಂದಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್, ದಾನಕ್ಕೆ ಕಾರಣವೆಂದು ಹೇಳಿದ ಪ್ರೀತಿ-ವಾತ್ಸಲ್ಯವನ್ನೇ ಪೋಷಣೆಯ ಅಂತರ್ಗತ ಷರತ್ತೆಂದು ತಿಳಿಯಬಹುದೆಂಬ ನಿಲುವನ್ನು ತಳೆಯಿತು.

ಈ ತೀರ್ಪುಗಳ ನಡುವಣ ಅಂತರ ಹಳ್ಳಿಯ ವೃದ್ಧರಿಗೆ ಏನು ಅರ್ಥ ಎಂಬುದನ್ನು ಒಂದು ದಾನಪತ್ರದ ಭಾಷೆಯೇ ತೋರಿಸುತ್ತದೆ. ಈ ಸೀಮೆಯಲ್ಲಿ ‘ಬಕ್ಷೀಸ ಪತ್ರ’ ಎಂದೂ ಕರೆಯಲಾಗುವ ಇಂಥ ಪತ್ರಗಳಲ್ಲಿ, ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವನ್ನೂ ಪಡೆಯದೆ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಕೊಟ್ಟಿರುವುದಾಗಿಯೂ, ಇನ್ನು ಮುಂದೆ ಈ ಆಸ್ತಿಯಲ್ಲಿ ತನಗಾಗಲಿ ತನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿಲ್ಲವೆಂದೂ ಪತ್ರ ಬರಹಗಾರರು ವಾಡಿಕೆಯ ಒಕ್ಕಣೆಯಲ್ಲಿ ಬರೆಯುತ್ತಾರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮವು ದಾನವನ್ನು ಪ್ರತಿಫಲವಿಲ್ಲದ ವರ್ಗಾವಣೆಯೆಂದು ವ್ಯಾಖ್ಯಾನಿಸುವುದರಿಂದ ಈ ಒಕ್ಕಣೆ ರೂಢಿಗೆ ಬಂದಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ತಾಯಿಗೆ ಮಗನು ತನ್ನನ್ನು ನೋಡಿಕೊಳ್ಳುವನೆಂಬುದು ಹೇಳಬೇಕಾದ ಮಾತೇ ಆಗಿರುವುದಿಲ್ಲ. ಹೇಳದ ಆ ಮಾತು ಪತ್ರದಲ್ಲಿ ಸೇರುವುದಿಲ್ಲ. ವರ್ಷಗಳ ಬಳಿಕ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಾಗಿ, ಹೊಲದ ಮೇಲೆ ಸಾಲವೂ ಆಗಿ, ಅಡುಗೆಮನೆಯ ಬಾಗಿಲು ಮುಚ್ಚಿದ ಮೇಲೆ ಆಕೆ ಜಮಖಂಡಿಯ ನ್ಯಾಯಮಂಡಳಿಗೆ ಹೋದಾಗ, ಸ್ವಸಂತೋಷದಿಂದ, ಪ್ರತಿಫಲವಿಲ್ಲದೆ ಎಂಬ ಅವೇ ಪದಗಳು ಆಕೆಯ ವಿರುದ್ಧದ ಸಾಕ್ಷ್ಯವಾಗಿ ನಿಲ್ಲುತ್ತವೆ. ಅತ್ಯಂತ ನಂಬಿಕೆಯಿಂದ ಕೊಟ್ಟವರಿಗೇ ಅತ್ಯಂತ ಕಡಿಮೆ ರಕ್ಷಣೆ ದೊರೆಯುವ ಈ ಸ್ಥಿತಿ ನ್ಯಾಯದ ದೃಷ್ಟಿಯಿಂದ ಸಮರ್ಥನೀಯವಲ್ಲ. ವೃದ್ಧ ತಂದೆತಾಯಿಗಳು ತಮ್ಮ ಜೀವನಾಧಾರವನ್ನೇ ಬರೆದುಕೊಟ್ಟಾಗ ಪೋಷಣೆಯ ಷರತ್ತು ಅದರಲ್ಲಿ ಅಡಕವಾಗಿದೆಯೆಂದು ಕಾನೂನೇ ಊಹಿಸಬೇಕು. ಇಲ್ಲವೆಂದು ಸಾಧಿಸುವ ಹೊರೆ ಆಸ್ತಿ ಪಡೆದವರ ಮೇಲಿರಬೇಕು.

ಪೋಷಣೆಯೆಂದರೆ ಏನೆಂಬುದನ್ನೂ ವಿಶಾಲವಾಗಿ ಗ್ರಹಿಸಬೇಕಾಗುತ್ತದೆ. ರನ್ನನು ನಂಬಿದ ಜೈನಧರ್ಮದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿವೆ. ಅಭಯವೆಂದರೆ ಭಯದಿಂದ ಬಿಡುಗಡೆ. ಆಹಾರ-ಔಷಧಗಳನ್ನು ಕಾಯಿದೆ ಹೆಸರಿಸುತ್ತದೆ, ಅಭಯವನ್ನು ಹೆಸರಿಸುವುದಿಲ್ಲ. ಆದರೆ ಅಭಯವಿಲ್ಲದ ಅನ್ನ ಪೋಷಣೆಯಾಗುವುದಿಲ್ಲವೆಂಬುದಕ್ಕೆ ಮಹಾಭಾರತದ ಆಶ್ರಮವಾಸಿಕ ಪರ್ವವೇ ನಿದರ್ಶನ. ರನ್ನನ ‘ಗದಾಯುದ್ಧ’ದಲ್ಲಿ ಮಗನಿಗೆ ಸಂಧಿಯ ಮಾತು ಹೇಳಿ ವಿಫಲರಾದ ಧೃತರಾಷ್ಟ್ರ-ಗಾಂಧಾರಿಯರು, ಮೂಲಭಾರತದಲ್ಲಿ ಯುದ್ಧದ ಬಳಿಕ ಹದಿನೈದು ವರ್ಷ ಯುಧಿಷ್ಠಿರನ ಆಶ್ರಯದಲ್ಲಿ ಬದುಕುತ್ತಾರೆ. ಯುಧಿಷ್ಠಿರನು ಅವರಿಗೆ ಯಾವ ಕೊರತೆಯನ್ನೂ ಮಾಡುವುದಿಲ್ಲ. ಆದರೆ ಭೀಮನ ಚುಚ್ಚುಮಾತುಗಳನ್ನು ತಾಳಲಾರದೆ ಆ ಮುದುಕ ಕಾಡಿಗೆ ಹೊರಡುತ್ತಾನೆ. ತನಗೆ ದ್ರೋಹ ಬಗೆದ ದೊಡ್ಡಪ್ಪನನ್ನೂ ಸಾಕಿದ ಯುಧಿಷ್ಠಿರನ ನಡತೆ ಋಣದ ಧರ್ಮವನ್ನು ತೋರಿಸಿದರೆ, ಭೀಮನ ಮಾತುಗಳು ಮನೆಯಲ್ಲಿದ್ದೂ ಮನೆಯಿಲ್ಲದಂತಾಗುವ ಬಗೆಯನ್ನು ತೋರಿಸುತ್ತವೆ. ನ್ಯಾಯಮಂಡಳಿ ಷರತ್ತಿನ ಉಲ್ಲಂಘನೆಯನ್ನು ಅಳೆಯುವಾಗ ತಟ್ಟೆಯಲ್ಲಿ ಅನ್ನವಿತ್ತೇ ಎಂದಷ್ಟೇ ಕೇಳದೆ, ಅದನ್ನು ಹೇಗೆ ಹಾಕಲಾಯಿತು ಎಂಬುದನ್ನೂ ಕೇಳಬೇಕು.

ಹಿರಿಯರ ಹಕ್ಕಿಗೂ ಧರ್ಮದ ಮಿತಿಯಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 15ರಂದು, ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿಂದ ಪಡೆದಿರುವ ಸೊಸೆಯನ್ನು, ಹಿರಿಯ ನಾಗರಿಕರ ಕಾಯಿದೆಯ ಸಂಕ್ಷಿಪ್ತ ವಿಚಾರಣೆಯ ಮೂಲಕ ಸುಮ್ಮನೆ ಹೊರಹಾಕಲಾಗದೆಂದು ಹೇಳಿತು. ದುರ್ಬಲರೊಬ್ಬರ ರಕ್ಷಣೆಗಾಗಿ ಮಾಡಿದ ಕಾನೂನು ಮತ್ತೊಬ್ಬ ದುರ್ಬಲರನ್ನು ಬೀದಿಗೆ ತಳ್ಳುವ ಸಾಧನವಾಗಬಾರದೆಂಬ ಈ ವಿವೇಕ ಸರಿಯಾದದ್ದು. ಅದೇ ರೀತಿ, ಮಗನ ಮೇಲಿನ ಕ್ಷಣಿಕ ಕೋಪದಿಂದಲೋ ಇನ್ನೊಬ್ಬ ಮಗನ ಪ್ರಚೋದನೆಯಿಂದಲೋ ಕೊಟ್ಟದ್ದನ್ನು ಹಿಂಪಡೆಯುವುದನ್ನು ಶಾಸ್ತ್ರವೂ ಒಪ್ಪುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ಕೊಟ್ಟ ಉದ್ದೇಶ ಕೆಟ್ಟುಹೋದಾಗ ಮಾತ್ರ ಕೊಟ್ಟದ್ದು ಮರಳಬೇಕು.

ಕಾನೂನು ಬದಲಾಗುವವರೆಗೆ ಹಿರಿಯರು ತಮ್ಮ ರಕ್ಷಣೆಯನ್ನು ತಾವೇ ಪತ್ರದಲ್ಲಿ ಬರೆಸಿಕೊಳ್ಳುವುದು ಅನಿವಾರ್ಯ. ಅನ್ನ, ವಸತಿ, ಔಷಧಿ, ಗೌರವದ ನಡತೆಗಳನ್ನು ಹೆಸರಿಸಿ, ಇವು ತಪ್ಪಿದರೆ ದಾನ ರದ್ದಾಗುವುದೆಂಬ ಮಾತನ್ನು ದಾನಪತ್ರದಲ್ಲಿಯೇ ಸೇರಿಸಬೇಕು. ತಮ್ಮ ಹಯಾತಿಯವರೆಗೆ, ಅಂದರೆ ಬದುಕಿರುವವರೆಗೆ, ಮನೆಯಲ್ಲಿ ವಾಸಿಸುವ ಮತ್ತು ಹೊಲದ ಆದಾಯವನ್ನು ಅನುಭವಿಸುವ ಹಕ್ಕನ್ನು ಉಳಿಸಿಕೊಂಡೇ ದಾನ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ಪಷ್ಟಪಡಿಸಿದೆ. ಸಾಧ್ಯವಾದರೆ ದಾನಪತ್ರದ ಬದಲು ಮೃತ್ಯುಪತ್ರವನ್ನು ಬರೆಯುವುದು ಇನ್ನೂ ಸುರಕ್ಷಿತ. ಅದು ಮರಣಾನಂತರ ಜಾರಿಗೆ ಬರುವುದರಿಂದ ಬದುಕಿರುವಾಗ ಯಾವಾಗ ಬೇಕಾದರೂ ಬದಲಿಸಬಹುದು. ಈಗಾಗಲೇ ಷರತ್ತಿಲ್ಲದೆ ಬರೆದುಕೊಟ್ಟವರು ಧೃತಿಗೆಡಬೇಕಾಗಿಲ್ಲ, ಏಕೆಂದರೆ ಪೋಟಗಿ ಕೇಳುವ ಹಕ್ಕು ದಾನಪತ್ರದ ಮೇಲೆ ನಿಂತಿಲ್ಲ. ಅರ್ಜಿಯನ್ನು ಹಿರಿಯರು ತಾವೇ ಕೊಡಬಹುದು, ಅಶಕ್ತರಾದರೆ ಅವರು ಒಪ್ಪಿದ ಬೇರೊಬ್ಬರು ಅಥವಾ ಸಂಸ್ಥೆ ಕೊಡಬಹುದು. ಜೀವನಾಂಶದ ಅರ್ಜಿ ನೋಟಿಸು ಜಾರಿಯಾದ 90 ದಿನಗಳಲ್ಲಿ ಇತ್ಯರ್ಥವಾಗಬೇಕು, ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ಪತ್ರ ಬರಹಗಾರರು, ವಕೀಲರು, ಉಪನೋಂದಣಾಧಿಕಾರಿಗಳು, ಮಠಗಳ ಸ್ವಾಮಿಗಳು, ಮಸೀದಿಯ ಹಿರಿಯರು ಇವರೆಲ್ಲರೂ ಈ ಮಾತನ್ನು ಜನರಿಗೆ ಮುಟ್ಟಿಸಬೇಕಾದವರು. ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು, ನಿಮ್ಮ ಪೋಷಣೆಯ ಷರತ್ತನ್ನು ಇದರಲ್ಲಿ ಬರೆದಿದೆಯೇ ಎಂದು ಪ್ರತಿಯೊಬ್ಬ ವೃದ್ಧರನ್ನು ಕೇಳುವುದು ಅವರ ಕರ್ತವ್ಯ. ಷರತ್ತು ಬರೆಸಿದ ತಂದೆತಾಯಿ ಮಕ್ಕಳನ್ನು ಅವಮಾನಿಸಿದಂತಾಗುವುದಿಲ್ಲ, ಷರತ್ತು ಮುರಿದಾಗ ಆಸ್ತಿಯನ್ನು ಮರಳಿ ಕೇಳಿದರೆ ಅವರಿಗೆ ದತ್ತಾಪಹಾರದ ದೋಷ ತಟ್ಟುವುದಿಲ್ಲ. ಶಾಸ್ತ್ರದ ತೀರ್ಪೂ ನ್ಯಾಯದ ತೀರ್ಪೂ ಇಲ್ಲಿ ಒಂದೇ: ತಂದೆತಾಯಿಗಳ ಅನ್ನಕ್ಕಾಗಿ ಪಡೆದ ಭೂಮಿಯನ್ನು ಉಣ್ಣುತ್ತ ಅವರನ್ನು ಉಪವಾಸವಿಟ್ಟವನೇ ದತ್ತಾಪಹಾರಿ.